ಬಾಗಿಲಿನ ಚಿತ್ರ

ದರ್ಜಿ ಮಾಡಿದ ತಪ್ಪು ಒಂದೇ. ಮಗಳ ಚಿತ್ರದ ಪುಸ್ತಕವನ್ನು ಒಗೆದು, ಒಣಗಲೆಂದು ಬೀದಿಯ ಕಡೆಯ ಕಿಟಕಿಗೆ ನೇತುಹಾಕಿದ.

ಏಳು ವರ್ಷದ ಪುಟ್ಟಿಗೆ ಮಾತು ಬಂದಿರಲಿಲ್ಲ. ಉಳಿದ ಬಟ್ಟೆಯ ತುಂಡುಗಳಿಂದ ಅಪ್ಪನೇ ಹೊಲಿದ ಆ ಪುಸ್ತಕದಲ್ಲಿ ನೀರು, ಬನ್ನು, ಗುಂಡಿಯ ಡಬ್ಬಿ, ಬಾಗಿಲು ಎಂದು ಚಿತ್ರಗಳು ವೆಲ್ಕ್ರೋ ಪಟ್ಟಿಗೆ ಅಂಟಿಕೊಂಡಿದ್ದವು. ಬೇಕಾದುದನ್ನು ಚರ್ರನೆ ಕಿತ್ತು ಎದುರಿಗಿರುವವರ ಕೈಗಿಡಬೇಕು. ಸಂಜೆ ನಾಲ್ಕಕ್ಕೆ ವಿಶೇಷ ಶಾಲೆಯ ಮೇಡಂ ಬರುವವರಿದ್ದರು. ಮಗು ತಾನಾಗಿ ಚಿತ್ರ ಕೊಟ್ಟರೆ ಸ್ಥಳದಲ್ಲೇ ಪ್ರವೇಶದ ಫಾರಂಗೆ ಸಹಿ. ಉಳಿದಿದ್ದುದು ಒಂದೇ ಸೀಟು, ಪಟ್ಟಿ ಮುಚ್ಚುವುದು ಐದಕ್ಕೆ.

"ಯಾರನ್ನೂ ಒಳಗೆ ಬಿಡ್ಬೇಡಿ," ಎಂದು ಹೇಳಿಯೇ ಹೆಂಡತಿ ಕೆಲಸಕ್ಕೆ ಹೋಗಿದ್ದಳು.

ಆದರೆ ಪಕ್ಕದ ಮನೆಯ ನಿವೃತ್ತ ಮೇಷ್ಟ್ರು ಯಾರಾದರೂ ಬಿಟ್ಟರೆ ಮಾತ್ರ ಬರುವವರಲ್ಲ.

"ಏನಯ್ಯ ಇದು, ಕಿಟಕೀಲಿ? ಚಿತ್ರ ಕೊಟ್ರೆ ನಾಲಿಗೆ ಸೋಮಾರಿ ಆಗುತ್ತೆ. ನಲವತ್ತು ವರ್ಷ ಪಾಠ ಮಾಡಿದೀನಿ ನಾನು!"

"ಮೇಡಂ ಹೇಳಿದಾರೆ ಸಾರ್..."

"ಅದ್ಸರಿ. ಇದ್ರಲ್ಲಿ ನನ್ನ ಚಿತ್ರ ಎಲ್ಲಿ?"

ನೀರಿನ ಲೋಟಕ್ಕೆ ಸಿಕ್ಕ ಮರ್ಯಾದೆ ತಮಗೆ ಸಿಗದಿದ್ದರೆ ಹೇಗೆ? ಸನ್ಮಾನದ ಫೋಟೋ ತಂದೇ ತಂದರು. ಸುದ್ದಿ ಮಹಡಿ ಹತ್ತಿತು. ಮನೆ ಓನರಮ್ಮ ತಮ್ಮ ಇಪ್ಪತ್ತೈದನೇ ವಯಸ್ಸಿನ ಫೋಟೋ ತಂದು, "ಮೊನ್ನೆ ತೆಗೆಸಿದ್ದು," ಎಂದರು. ಮಹಡಿಯ ಇನ್ನೊಂದು ಮನೆಯ ವಿಮೆ ಏಜೆಂಟ್ ತನ್ನ ಫೋಟೋದ ಕೆಳಗೆ ಫೋನ್ ನಂಬರನ್ನೂ ಬರೆದು ತಂದ. ಜಾಗ ಸಾಲದೆ ನೀರು, ಬನ್ನು ಹೊರಬಿದ್ದವು.

"ಬಾಯಾರಿದ್ರೆ ಯಾರಾದ್ರೂ ಕೊಡ್ತಾರೆ ಬಿಡಿ ಅಣ್ಣ," ಎಂದ ಏಜೆಂಟ್.

ಕತ್ತರಿಯ ಬಾಯಿಗೆ ಸಿಕ್ಕ ಬಟ್ಟೆ ಬೇಡ ಎನ್ನುತ್ತದೆಯೇ? ದರ್ಜಿ ತೆಪ್ಪಗೆ ಫೋಟೋಗಳಿಗೆ ವೆಲ್ಕ್ರೋ ಹೊಲಿದ.

ಆಮೇಲೆ ತರಬೇತಿ. "ಪುಟ್ಟಿ, ನನ್ನ ಫೋಟೋ ಕೊಡು!" "ಮೊದ್ಲು ನಂದು!" ಮೂರು ದಿಕ್ಕಿನಿಂದ ಕೂಗು. ಪುಟ್ಟಿ ಕಿವಿ ಮುಚ್ಚಿಕೊಂಡು ಹೊಲಿಗೆ ಯಂತ್ರದ ಕೆಳಗೆ ಸೇರಿದಳು.

ನಾಲ್ಕಕ್ಕೆ ಮೇಡಂ ಬಂದರು. ಫಾರಂ ಮೇಜಿನ ಮೇಲಿಟ್ಟು ಎಲ್ಲರಿಗೂ ನಿಯಮ ಹೇಳಿದರು. "ಮಗು ಕೊಟ್ಟ ಚಿತ್ರಕ್ಕೆ ಎದುರು ಮಾತಿಲ್ಲ. ಕೇಳಿದ್ದು ತಕ್ಷಣ ಆಗ್ಬೇಕು. ನಾನಾದ್ರೂ ಅಷ್ಟೇ."

ಪುಟ್ಟಿ ಹೊರಗೆ ತೆವಳಿ ಬಂದಳು. ಚರ್ರ್! ಮೇಷ್ಟ್ರ ಫೋಟೋ ಮೇಷ್ಟ್ರ ಕೈಗೆ.

"ನೋಡಿದ್ರಾ, ಮೊದಲು ನಾನೇ..."

ಚರ್ರ್! ಅದರ ಮೇಲೆ ಬಾಗಿಲಿನ ಚಿತ್ರ.

ಮೇಡಂ ಹೊರಗಡೆ ಕೈ ತೋರಿಸಿದರು; ಮೇಷ್ಟ್ರು ಹೊರನಡೆದರು. ಪುಟ್ಟಿ ಬಾಗಿಲಿನ ಚಿತ್ರವನ್ನು ಅವರ ಕೈಯಿಂದ ಜೋಪಾನವಾಗಿ ವಾಪಸು ಪಡೆದಳು. ಅವರವರ ಫೋಟೋದ ಜೊತೆ ಅದೇ ಚಿತ್ರ ಓನರಮ್ಮನನ್ನೂ ಏಜೆಂಟನನ್ನೂ ಹೊರಗೆ ಕಳಿಸಿತು.

"ಅದ್ಭುತ!" ಮೇಡಂ ಪೆನ್ನಿನ ಮುಚ್ಚಳ ತೆಗೆದರು. ದರ್ಜಿಯ ಎದೆ ಇಸ್ತ್ರಿ ಮಾಡಿದ ಅಂಗಿಯಂತೆ ಸೆಟೆಯಿತು. "ಪುಟ್ಟಿ, ಇನ್ನೊಂದ್ಸಲ ಮಾಡು, ವಿಡಿಯೋ ತೆಗಿತೀನಿ." ಅವರು ಫೋನನ್ನು ಮಗುವಿನ ಮೂಗಿನವರೆಗೆ ತಂದರು.

ಪುಟ್ಟಿ ಬಾಗಿಲನ್ನು ಅವರ ಕೈಗೂ ಇಟ್ಟಳು.

ಮೇಡಂ ಮುಖದ ಬಣ್ಣ ಬದಲಾಯಿತು. ಆದರೂ ತಾವೇ ಹೇಳಿದ ನಿಯಮ. ಚಿತ್ರ ಹಿಂದಿರುಗಿಸಿ, ಪೆನ್ನು ಹಿಡಿದುಕೊಂಡೇ ಹೊಸಿಲು ದಾಟಿದರು.

"ಮೇಡಂ, ಸಹಿ!"

"ಫಾರಂ ಇಲ್ಲಿಗೇ ತನ್ನಿ."

ದರ್ಜಿ ಮೇಜಿನತ್ತ ತಿರುಗಿದ. ಎದುರಿಗೆ ಪುಟ್ಟಿ. ಕೈಯಲ್ಲಿ ಬಾಗಿಲು.

"ಕಂದ, ಒಂದೇ ನಿಮಿಷ..."

"ಎದುರು ಮಾತಾಡ್ಬೇಡಿ!" ಮೇಡಂ ಹೊರಗಿನಿಂದ ಗದರಿದರು. "ಆಡಿದ್ರೆ ಸೀಟಿಲ್ಲ."

ದರ್ಜಿ ಬರಿಗೈಯಲ್ಲಿ ಹೊರಗೆ ಬಂದ. ಹಿಂದೆ ಬಾಗಿಲು ಮುಚ್ಚಿಕೊಂಡು, ಒಳಗಿನಿಂದ ಚಿಲಕ ಬಿತ್ತು.

ಐದಾಯಿತು. "ಸೀಟಿನ ಪಟ್ಟಿ ಮುಚ್ಚಿತು. ಮೂರು ತಿಂಗಳು ಬಿಟ್ಟು ಬರ್ತೀನಿ," ಎಂದು ಮೇಡಂ ಬಸ್ಸು ಹಿಡಿದರು. ಕಿಟಕಿಯಲ್ಲಿ ಇಣುಕಿದರೆ, ಪುಟ್ಟಿ ಫಾರಂ ಮೇಲೆ ಗುಂಡಿಗಳನ್ನು ಬಣ್ಣಕ್ಕೊಂದು ಸಾಲಾಗಿ ಜೋಡಿಸುತ್ತಿದ್ದಳು.

ಅಷ್ಟರಲ್ಲಿ ಹೆಂಡತಿ ಬಂದಳು. ಮೆಟ್ಟಿಲ ಮೇಲೆ ತಂತಮ್ಮ ಫೋಟೋ ಹಿಡಿದು ಕುಳಿತಿದ್ದ ಮೂವರನ್ನೂ ನೋಡಿದಳು, ಗಂಡನನ್ನೂ ನೋಡಿದಳು.

"ಯಾರನ್ನೂ ಒಳಗೆ ಬಿಡ್ಬೇಡಿ ಅಂದಿದ್ದೆ ತಾನೆ?"

"ಒಳಗೆ ಯಾರೂ ಇಲ್ಲ ಕಣೆ," ಎಂದ ದರ್ಜಿ. "ನನ್ನನ್ನೂ ಬಿಟ್ಟಿಲ್ಲ."