ಒಡೆದ ಗಾಜಿನ ಸರ್ಟಿಫಿಕೇಟು

ಗುರುವಾರ ಬೆಳಿಗ್ಗೆ, ಪುತ್ತೂರಿನ ಗಾಜು ಊದುವ ತರಗತಿಯಲ್ಲಿ, ಚೆನ್ನಪ್ಪ ಕಬ್ಬಿಣದ ಕೊಳವೆಯ ತಣ್ಣಗಿನ ತುದಿಯನ್ನು ಕಣ್ಣಿಗೆ ಒತ್ತಿಕೊಂಡ. ಮೂವತ್ತೆರಡು ವರ್ಷ, ದೈವಗಳು ಕುಣಿಯುವ ನೇಮಗಳಲ್ಲಿ ಸ್ಯಾಕ್ಸೊಫೋನ್ ನುಡಿಸಿದವನ ಅಭ್ಯಾಸ ಅದು. ಹೆಂಡತಿ ಸುಂದರಿ ಕೆದಂಬಾಡಿಯಲ್ಲಿ ಬಸ್ಸು ಹತ್ತುವಾಗ ಶುರು ಮಾಡಿದ ಜಗಳವನ್ನು ಇನ್ನೂ ಮುಗಿಸಿರಲಿಲ್ಲ.

ಸುಂದರಿ: ಉಸಿರು ಸಾಲುದಿಲ್ಲ ಅಂತ ಶೈಲೇಶ ಹೇಳಿದ್ರೆ ಡಾಕ್ಟ್ರ ಹತ್ರ ಹೋಗುದು. ಇಲ್ಲಿಗೆ ಎಂತಕ್ಕೆ ಬರುದು?

ಚೆನ್ನಪ್ಪ: ಡಾಕ್ಟ್ರು ಊದಿಸುದು ಪ್ಲಾಸ್ಟಿಕ್ ಡಬ್ಬಿಗೆ. ಇಲ್ಲಿ ಒಂದು ಗ್ಲಾಸು ಊದಿ ಅವನ ಕೈಯಲ್ಲಿಟ್ಟರೆ ಮತ್ತೆ ಮಾತಾಡ್ಲಿಕ್ಕಿಲ್ಲ.

ಶೈಲೇಶ ಚೆನ್ನಪ್ಪನ ತಂಗಿಯ ಮಗ, ವಾದ್ಯದ ತಂಡ ನಡೆಸುವವನು. ಕಳೆದ ನೇಮದಲ್ಲಿ ಮಾವ ಉಸಿರಿಗಾಗಿ ಎರಡು ಸಲ ನಡುವೆ ನಿಲ್ಲಿಸಿದ್ದ. ನಾಳೆ ಇಚಿಲಂಪಾಡಿಯ ನೇಮಕ್ಕೆ ಬೇರೆಯವರನ್ನು ಕರೆಯುವುದೋ ಬೇಡವೋ ಎಂದು ಅವನು ಇವತ್ತು ತೀರ್ಮಾನಿಸಬೇಕಿತ್ತು.

ಕಲಿಸುವ ಭವಿತಾ ಕುಲುಮೆಯಿಂದ ಕೆಂಪಗೆ ಕಾದ ಗಾಜಿನ ಉಂಡೆಯನ್ನು ಕೊಳವೆಯ ತುದಿಗೆ ಸುತ್ತಿ ತಂದಳು.

ಭವಿತಾ: ಕೊಳವೆ ತಿರುಗಿಸ್ತಾ ಇರಿ. ಸ್ವಲ್ಪ ಊದಿ, ನಿಲ್ಲಿಸಿ.

ಚೆನ್ನಪ್ಪ: ನಿಲ್ಲಿಸುದಾ? ದೈವ ಕುಣಿಯುವಾಗ ನಮಗೆ ನಿಲ್ಲಿಸ್ಲಿಕ್ಕಿಲ್ಲ ಟೀಚರ್. ದೈವ ನಿಂತ ಮೇಲೆ ನಾವು ನಿಲ್ಲುದು.

ಭವಿತಾ: ಇಲ್ಲಿ ದೈವ ಇಲ್ಲ ಚೆನ್ನಪ್ಪಣ್ಣ, ಗಾಜು ಉಂಟು.

ಸುಂದರಿ: ಹೋದ ತಿಂಗಳು ದೈವ ಕುಣೀತಾ ಇತ್ತು, ಇವರು ನಿಂತಿದ್ರು.

ಅಷ್ಟು ಸಾಕಾಯಿತು. ಚೆನ್ನಪ್ಪ ಮೂಗಿನಲ್ಲಿ ಎಳೆದ ಗಾಳಿಯನ್ನು ಕೆನ್ನೆಯಲ್ಲಿ ತುಂಬಿಸಿಕೊಂಡು ಬಿಡುವಿಲ್ಲದೆ ಊದಿದ. ಗಾಜು ಕಿತ್ತಳೆಯಷ್ಟಾಯಿತು, ತೆಂಗಿನಕಾಯಿಯಷ್ಟಾಯಿತು, ಈರುಳ್ಳಿ ಸಿಪ್ಪೆಯಂತೆ ತೆಳುವಾಗಿ ಟಪ್ ಎಂದು ಒಡೆಯಿತು.

ಭವಿತಾ: ನಿಲ್ಲಿಸಿ ಅಂತ ಮೊದಲೇ ಹೇಳಿದ್ದೆ. ನಿಮ್ಮ ಉಸಿರು ಜಾಸ್ತಿ ಆಯ್ತು.

ಚೆನ್ನಪ್ಪ: ಎಂತ ಜಾಸ್ತಿ ಆಯ್ತು?

ಭವಿತಾ: ಉಸಿರು.

ಚೆನ್ನಪ್ಪ: ಅದನ್ನು ಬರೆದು ಕೊಡ್ತೀರಾ?

ಭವಿತಾ: ಒಡೆದದ್ದಕ್ಕಾ? ಸರ್ಟಿಫಿಕೇಟು ಇರುವುದು ಗ್ಲಾಸು ಮಾಡಿದವರಿಗೆ.

ಆ ಹೊತ್ತಿಗೆ ಸುಂದರಿಯ ಸರದಿ ಬಂದಿತ್ತು. ಅವಳು ಎರಡೇ ಸಲ, ಬಿಸಿ ಗಂಜಿ ಆರಿಸುವಷ್ಟು ಊದಿದಳು. ಅವಳ ಬೆರಳುಗಳಲ್ಲಿ ಕೊಳವೆ ಒಂದೇ ಹದದಲ್ಲಿ ತಿರುಗುತ್ತಿತ್ತು. ಭವಿತಾ ಗಾಜಿನ ಬಾಯಿ ಅಗಲಿಸಿ ಕೊಟ್ಟಾಗ, ಪುಟ್ಟ ಗ್ಲಾಸು ನೇರವಾಗಿ ನಿಂತಿತು.

ಭವಿತಾ: ಸುಂದರಿಯಕ್ಕ, ನೀವು ಮೊದಲು ಎಲ್ಲಿ ಕಲಿತದ್ದು?

ಸುಂದರಿ: ನಾನು ಬೀಡಿ ಕಟ್ಟುದು. ಬೆರಳು ನಿಂತರೆ ಎಲೆ ಬಿಚ್ಚಿಕೊಳ್ತದೆ.

ಚೆನ್ನಪ್ಪ: ಶೈಲೇಶನಿಗೆ ಇದನ್ನೇ ತೋರಿಸುವ. ಯಾರು ಊದಿದ್ದು ಅಂತ ಅವನು ಕೇಳ್ಲಿಕ್ಕಿಲ್ಲ.

ಸುಂದರಿ: ತೋರಿಸಿ. ನಾಳೆ ಇಚಿಲಂಪಾಡಿಗೆ ನನ್ನನ್ನೇ ಕರ್ಕೊಂಡು ಹೋಗಲಿ. ನೀವು ಮನೆಯಲ್ಲಿ ಎಲೆ ಕತ್ತರಿಸಿ.

ಚೆನ್ನಪ್ಪ ಕನ್ನಡಕ ತೆಗೆದು ಒರೆಸತೊಡಗಿದ. ಸುಂದರಿ ಅದನ್ನು ನೋಡಿದಳು. ಆಮೇಲೆ ಭವಿತಾಳ ಕಡೆ ತಿರುಗಿದಳು.

ಸುಂದರಿ: ಟೀಚರ್, ನನ್ನ ಸರ್ಟಿಫಿಕೇಟು ಅವರ ಹೆಸರಿಗೆ ಬರೀರಿ. ಗ್ಲಾಸಿನ ವಿಷಯ ಬೇಡ. ಉಸಿರು ಜಾಸ್ತಿಯಾಗಿ ಒಡೆದದ್ದು ಅಂತ.

ಭವಿತಾ: ಬರೀತೇನೆ. ಆದ್ರೆ ಗಾಜು ಅಷ್ಟು ಬಿಸಿ ಇರುವಾಗ ಸಣ್ಣ ಮಗು ಊದಿದ್ರೂ...

ಸುಂದರಿ: ಮಗು ಬಂದಾಗ ಮಗುವಿಗೆ ಬೇರೆ ಬರೆಯುವ ಮಾರಾಯ್ರೆ.

ಚೆನ್ನಪ್ಪನಿಗೆ ಎಲ್ಲವೂ ಸ್ಪಷ್ಟವಾಗಿ ಕೇಳಿಸಿತು. ಅವನು ಕನ್ನಡಕವನ್ನು ಇನ್ನೊಂದು ಸಲ ಒರೆಸಿದ.

‘ಅತಿಯಾದ ಉಸಿರಿನಿಂದ ಗಾಜು ಒಡೆದಿದೆ’ ಎಂದು ಭವಿತಾ ಬರೆದು, ಸಹಿ ಹಾಕಿ, ಸೀಲು ಒತ್ತಿದಳು. ಸುಂದರಿ ಅದರ ಫೋಟೊ ತೆಗೆದು ಶೈಲೇಶನಿಗೆ ಕಳಿಸಿದಳು. ಅವನಿಂದ ಬಂದ ಉತ್ತರದಲ್ಲಿ ಒಂದು ಸಮಯ ಮಾತ್ರ ಇತ್ತು.

ಶುಕ್ರವಾರ ಮಧ್ಯಾಹ್ನ ಮೂರಕ್ಕೆ ವ್ಯಾನು ಚೆನ್ನಪ್ಪನನ್ನು ಕರೆದೊಯ್ಯಲು ಕೆದಂಬಾಡಿಗೆ ಬರಲಿದೆ. ಇಚಿಲಂಪಾಡಿಗೆ ಹೋಗುವ ದಾರಿಯಲ್ಲಿ ಪುತ್ತೂರಿನಲ್ಲಿ ನಿಂತು, ತರಗತಿಯ ಒಲೆಯಲ್ಲಿ ಒಂದು ದಿನ ನಿಧಾನವಾಗಿ ತಣಿದಿರುವ ಸುಂದರಿಯ ಗ್ಲಾಸನ್ನು ಹತ್ತಿಸಿಕೊಳ್ಳಲಿದೆ.