ನನ್ನ ಹೆಸರಿಗೊಂದು ಅಣಬೆ

ನಮ್ಮ ಸೋದರಮಾವ ಅರ್ಧ ಕಮಲಾಪುರವನ್ನು ಒಣಗಿಸಿ, ಕುಟ್ಟಿ, ಬಟ್ಟೆಯಲ್ಲಿ ಸೋಸಿ ಗಡಿಗೆಗಳಲ್ಲಿ ತುಂಬಿಟ್ಟಿದ್ದಾನೆ. ಗಾಬರಿಯಾಗಬೇಡಿ, ನಿಜಾಮ ಸರ್ಕಾರದ ಪೊಲೀಸರಿಗೂ ಈ ವಿಷಯ ಗೊತ್ತು. ಠಾಣೆಯ ಅಮೀನ್ ಸಾಹೇಬರ ಕೆಮ್ಮು ನಿಂತದ್ದೇ ಅಂಥದೊಂದು ಗಡಿಗೆಯಿಂದ!

ಮಾವ ಅಣಬೆ ವೈದ್ಯ. ಮೃಗಶಿರೆಯ ಮಳೆ, ನಮ್ಮ ಬಾಯಲ್ಲಿ ಮಿರಗ, ಬಿದ್ದರೆ ಸಾಕು, ಹುತ್ತ, ಹುಣಸೆಯ ಬೊಡ್ಡೆ, ಕೊಳೆತ ಬಾಳೆದಿಂಡು ಎಲ್ಲದರ ಮುಂದೆಯೂ ಮಂಡಿಯೂರಿ ಕೂತುಬಿಡುತ್ತಾನೆ. ನಮಗೆಲ್ಲ ಅವು ನಾಯಿಛತ್ರಿ. ಅವನಿಗೆ ಮಾತ್ರ ಒಂದೊಂದೂ ಪರಿಚಯದ ಮನುಷ್ಯ. ಯಾಕೆಂದರೆ, ಅವನು ಅಣಬೆಗೆ ಹೆಸರಿಡುವುದು ಬಣ್ಣ ನೋಡಿಯಲ್ಲ, ಆಕಾರ ನೋಡಿಯಲ್ಲ. ಅದರಿಂದ ಮೊದಲು ಯಾರು ಗುಣವಾದರೋ ಅವರ ಹೆಸರೇ ಅದಕ್ಕೆ! ಕೆಮ್ಮು ನಿಲ್ಲಿಸಿದ್ದು ಬಸಲಿಂಗ. ಬಾಣಂತಿಗೆ ಶಕ್ತಿ ಕೊಟ್ಟದ್ದು ನೀಲಮ್ಮ. ನೀಲಮ್ಮನಂತೆಯೇ ಬೆಳ್ಳಗೆ ಕಂಡರೂ ಕೊಡೆಯ ಒಳಗೆ ಹಸಿರು ಛಾಯೆಯಿದ್ದು, ತಿಂದವರನ್ನು ಇಡೀ ದಿನ ವಾಂತಿ ಮಾಡಿಸುವಂಥದಕ್ಕೆ 'ನೀಲಮ್ಮನ ಅತ್ತಿ' ಎಂದು ಹೆಸರು. ನೀಲಮ್ಮನ ಖರೇ ಅತ್ತೆ ಸೆರಗು ಬಿಗಿದು ಜಗಳಕ್ಕೆ ಬಂದಳಂತೆ. ಮಾವ ತಣ್ಣಗೆ, "ಯಕ್ಕಾ, ನಿನ್ನ ಹೆಸರಿಟ್ಟ ಮ್ಯಾಲೆ ಅದನ್ನ ಊರಾಗ ಒಬ್ಬರೂ ಮುಟ್ಟವಲ್ಲರು. ಎಷ್ಟು ಜೀವ ಉಳಿಸೀದಿ ನೋಡು," ಎಂದ. ಆಕೆ ಹೆಮ್ಮೆಯಿಂದ ಮನೆಗೆ ಹೋದಳು.

ಹೆಸರಿನ ಆಸೆ ಯಾರಿಗಿಲ್ಲ ಹೇಳಿ? ಊರ ಗೌಡರು ತಮ್ಮದೂ ಒಂದು ಅಣಬೆ ಇರಲೆಂದು ಹೊಟ್ಟೆನೋವು ಹೂಡಿ ಮಲಗಿದರು. ಮಾವ ನಾಡಿ ಹಿಡಿದು, ಕಹಿ ಕಷಾಯ ಕುಡಿಸಿ, ಗಂಜಿಯ ಹೊರತು ಬೇರೇನೂ ಕೊಡಬಾರದೆಂದು ಕಟ್ಟು ಮಾಡಿದ. ಮರುದಿನ ಅಡುಗೆಮನೆಯಿಂದ ಎಣ್ಣೆಗಾಯಿಯ ವಾಸನೆ ಬಂದದ್ದೇ ತಡ, ಗೌಡರು ಎದ್ದು ನಾಲ್ಕು ರೊಟ್ಟಿ ಮುಗಿಸಿದರು. ಇನ್ನು ಹೆಸರಿಡು ಎಂದರೆ ಮಾವ ಒಪ್ಪಬೇಕಲ್ಲ! "ಗೌಡ್ರು ಗುಣಾಗಿದ್ದು ಬದನಿಕಾಯಿಂದ. ಅದಕ್ಕಽ ಇಡ್ರಿ," ಎಂದುಬಿಟ್ಟ. ಇವತ್ತಿಗೂ ಕಮಲಾಪುರದಲ್ಲಿ ಎಣ್ಣೆಗಾಯಿ ಬಡಿಸುವಾಗ "ಇನ್ನೊಂದು ಗೌಡ್ರನ್ನ ಹಾಕ್ಲೇನು?" ಎಂದು ಕೇಳುತ್ತಾರೆ.

ಕಲಬುರಗಿಯ ಬ್ರಹ್ಮಪುರದಲ್ಲಿದ್ದುಕೊಂಡು ಉರ್ದು ಮದರಸಾಕ್ಕೆ ಹೋಗುವ ನಾನು, ಮಾವನ ಪುಡಿಗಳನ್ನು ಒಬ್ಬ ಹಕೀಮ್ ಸಾಹೇಬರಿಗೆ ಮುಟ್ಟಿಸುವ ರಾಯಭಾರಿ. ಅವರ ಕಿತಾಬಿನಲ್ಲಿ ಎಲ್ಲಕ್ಕೂ ಸೇರಿ ಒಂದೇ ಹೆಸರು, ಕುಂಬಿ. ಒಮ್ಮೆ ಮಾವನೇ ಚಕ್ಕಡಿ ಹೂಡಿಕೊಂಡು ಬಂದು ಅವರೆದುರು ಕೂತ. "ಸಾಹೇಬ್ರ, ನಿಮ್ಮ ಗಲ್ಲಿ ಮಂದೀಗೆಲ್ಲಾ 'ಮನುಷ್ಯಾ' ಅಂತ ಒಂದಽ ಹೆಸರಿಟ್ರ, ಮಗಳನ್ನ ಯಾರಿಗೆ ಕೊಡ್ತೀರಿ?" ಮುಂದಿನ ವಾರ ಹಕೀಮರು ನನ್ನನ್ನು ಕರೆದು, "ಬಸಲಿಂಗ ಖತಮ್ ಆಗ್ಯಾನ, ಥೋಡಾ ನೀಲಮ್ಮನೂ ತಗೊಂಡ್ ಬಾ," ಎಂದರು!

ಇಷ್ಟೆಲ್ಲ ಇದ್ದರೂ ನನ್ನ ಹೆಸರಿಗೊಂದು ಅಣಬೆ ಇಲ್ಲ. ಅಜ್ಜನ ಮಂಡಿನೋವಿಗೆ ಒಂದು, ಅತ್ತೆಯ ತಲೆಶೂಲೆಗೆ ಒಂದು. ಅಷ್ಟೇಕೆ, ಮಾವನ ಎತ್ತು ಹೀರ್ಯಾನ ಹೆಸರಿಗೂ ಒಂದು! ಸ್ವಂತ ಅಳಿಯನಿಗೆ ಮಾತ್ರ ಏನೂ ಇಲ್ಲ. ತಪ್ಪು ನನ್ನ ದೇಹದ್ದು. ಊರಿಗೆ ಊರೇ ಚಳಿಜ್ವರದಿಂದ ನಡುಗುವಾಗಲೂ ನಾನು ಒಬ್ಬನೇ ಗುಂಡುಕಲ್ಲಿನಂತೆ ತಿರುಗುತ್ತಿದ್ದೆ. ಹಾಗಾಗಿ ಹೋದ ವರ್ಷ ಕಮಲಾಪುರದಲ್ಲಿ ಮಾವನ ಜೊತೆ ಉಣ್ಣಲು ಕೂತಾಗ ನನ್ನ ಕಣ್ಣು ಒಂದು ಗಡಿಗೆಯ ಮೇಲೆ ಬಿತ್ತು. ಅದರಲ್ಲಿದ್ದದ್ದು 'ಕೂಸು'. ಹೊಸದಾಗಿ ಬೋಳಿಸಿದ ತಲೆಯಂತೆ ಬೆಳ್ಳಗೆ, ದುಂಡಗೆ ನೆಲದಿಂದ ಏಳುವ ಅಣಬೆ. ಒಣಗಿದ ಮೇಲೆ ಒತ್ತಿದರೆ ಹೊಗೆಯಂಥ ಪುಡಿ ಹಾರುತ್ತದೆ. ಗಾಯಕ್ಕೆ ಹಚ್ಚಿದರೆ ರಕ್ತ ನಿಲ್ಲುತ್ತದೆ.

"ಮಾವಾ, ಕೂಸು ಅನ್ನೋದು ಒಂದು ಹೆಸರೇನು? ಯಾರದೂ ಅಲ್ಲ ಅದು. ನನ್ನ ಹೆಸರಿಗೆ ಮಾಡಿಬಿಡು," ಎಂದೆ.

ಮಾವ ಜಂತಿ ನೋಡಿದ. "ಅದಕ್ಕ ಹೆಸರಿಟ್ಟು ಆಗ್ಯಾದ."

ಒಳಗಿನಿಂದ ಅವ್ವ, ಯಾವತ್ತೂ ಇಲ್ಲದ ಬಿರುಸಿನಲ್ಲಿ, "ಸುಮ್ನ ಉಣ್ಣು," ಎಂದಳು.

ಸುಮ್ಮನಿರುವ ಜಾತಿಯೇ ನಾನು? ಈ ವರ್ಷ ಮಿರಗಕ್ಕೆ ಅವ್ವ ತವರಿಗೆ ಹೊರಟಾಗ ನಾನೂ ಚಕ್ಕಡಿ ಏರಿದೆ. ಮಾವ ಇನ್ನೂ ಕಾಣದ ಅಣಬೆಯೊಂದನ್ನು ಹುಡುಕಿ, ಜಡ್ಡು ಬಿದ್ದು, ಅದರಿಂದಲೇ ಗುಣವಾಗುವುದು ನನ್ನ ಯೋಜನೆ. ಮೊದಲು ಜಡ್ಡು ಬೇಕಲ್ಲ? ಅಜೀರ್ಣವಾಗಲೆಂದು ಹುತ್ತದ ಮೇಲಿನ ನೀಲಮ್ಮನನ್ನು ಬುಟ್ಟಿಗಟ್ಟಲೆ ಹುರಿದು ತಿಂದೆ. ಅದು ಅವಳ ಅತ್ತೆಯಾಗಿತ್ತು! ಸಂಜೆಯವರೆಗೆ ಬಚ್ಚಲಿನಲ್ಲೇ ಸಂಸಾರ ಹೂಡಿದೆ. ಹೊಟ್ಟೆ ಖಾಲಿಯಾದ ಮೇಲೆ ವಾಂತಿ ತನ್ನಷ್ಟಕ್ಕೇ ನಿಂತಿತು. ಹೆಸರು ಸಿಗಲಿಲ್ಲ.

ಎರಡು ದಿನ ಬಿಟ್ಟು ಹೊಲದ ಹುಣಸೆಮರದಲ್ಲಿ, ಎತ್ತರದಲ್ಲಿ, ಕೆಂಪಗೆ ಹಲಗೆಯಂತೆ ಹೊರಚಾಚಿದ ಅಣಬೆಯೊಂದು ಕಂಡಿತು. ಕುಡುಗೋಲು ಹಿಡಿದು ಹತ್ತಿದೆ. ಹೊಡೆದ ಏಟು ಅಣಬೆಯನ್ನು ಬಿಟ್ಟು ನನ್ನ ಎಡಗೈಗೆ ಬಿತ್ತು. ನಾನು ಕೆಳಗೆ ಬಿದ್ದೆ. ಅಣಬೆ ಮರದಲ್ಲೇ ಕೂತು ನೋಡುತ್ತಿತ್ತು.

ಕೂಗು ಕೇಳಿ ಮಾವ ಓಡಿ ಬಂದು, ನನ್ನನ್ನು ಎತ್ತಿಕೊಂಡು ಮನೆಗೆ ಒಯ್ದ. ಗಂಟು ಬಿಚ್ಚಲೂ ನಿಲ್ಲದೆ ಗಡಿಗೆಯ ಬಟ್ಟೆಯನ್ನು ಹರಿದೇ ತೆಗೆದ. ಅಂಗೈ ತುಂಬ ಕೂಸಿನ ಪುಡಿ ಒತ್ತಿ ಹಿಡಿದ. ಅವ್ವ ಗೋಡೆಗೆ ಒರಗಿ ಅಳುತ್ತಿದ್ದಳು. ಒಂದು ಕೈಗಾಯಕ್ಕೆ ಇಷ್ಟು ಅಳುವೇ? ರಕ್ತ ನಿಂತಿತು.

"ಸಾಯೋ ಹೊತ್ತಿನಾಗರೆ ಇದಕ್ಕ ನನ್ನ ಹೆಸರಿಡು ಮಾವಾ," ಎಂದೆ.

ಮಾವ ಅವ್ವನ ಕಡೆ ತಿರುಗಿದ. "ಅಕ್ಕಾ, ಹೇಳಿಬಿಡ್ತೀನಿ. ಇವಗ ಮೀಸಿ ಬಂದಾವ, ಇನ್ನ ದೃಷ್ಟಿ ಆಗಂಗಿಲ್ಲ." ಆಮೇಲೆ ನನ್ನ ಕೈ ಬಿಡದೆಯೇ ಹೇಳಿದ: "ನೀ ಹುಟ್ಟಿ ನಾಕು ದಿನಕ್ಕ ಹೊಕ್ಕಳದಾಗಿನ ರಕ್ತ ನಿಂದರವಲ್ಲದು. ಸೂಲಗಿತ್ತಿ ಕೈ ಚೆಲ್ಲಿದಳು. ನಮ್ಮಪ್ಪ ಎತ್ತಿನ ಗಾಯಕ್ಕ ಇದನ್ನ ಹಚ್ಚತಿದ್ದ, ನಾ ತಂದು ನಿನಗ ಹಚ್ಚಿದೆ. ನಿಂತಿತು. ನಿನ್ನ ಇನ್ನೂ ತೊಟ್ಟಲದಾಗ ಹಾಕಿದ್ದಿಲ್ಲ, ಹೆಸರಽ ಇದ್ದಿಲ್ಲ ನಿನಗ. ಅದಕ್ಕ ಕೂಸು ಅಂದೆ. ಗುಣಾದವ್ರ ಹೆಸರು ಅಣಬಿಗೆ ಇಡಾಕ ಸುರು ಮಾಡಿದ್ದು ಅಲ್ಲಿಂದಽ."

ಅಂದರೆ ನೀಲಮ್ಮ, ಬಸಲಿಂಗ, ಹೀರ್ಯಾ ಎಲ್ಲರೂ ನನ್ನ ಹಿಂದಿನ ಸಾಲಿನವರು! ಮಾವ ಹಿಡಿದ ಕೈಯನ್ನು ನಾನೂ ಹಿಡಿದುಕೊಂಡೆ.

ನಿನ್ನೆ ಹತ್ತಿರದ ಹಳ್ಳಿ ಶರಣಸಿರಸಗಿಯ ರೈತನೊಬ್ಬ ನೇಗಿಲು ತಾಗಿದ ಕಾಲು ಎಳೆದುಕೊಂಡು ಬ್ರಹ್ಮಪುರದ ನಮ್ಮ ಮನೆಗೆ ಬಂದ. "ಕೂಸು ಅದ ಏನ್ರೀ?" ಎಂದು ಬಾಗಿಲಲ್ಲೇ ಕೇಳಿದ.

"ಅದ ರೀ, ನಿಮ್ಮ ಮುಂದಽ ನಿಂತದ," ಎಂದೆ, ಗಡಿಗೆ ಮುಟ್ಟುವ ಮೊದಲೇ.