ಅಲಗಿಲ್ಲದ ಆಯುಧ

ನಾನು ಮೊಸರಲ್ಲಿ ಕಲ್ಲು ಹುಡುಕುವವನು ಎಂಬ ದೂರು ನಮ್ಮ ಮನೆಯಲ್ಲಿ ಬಹಳ ಹಳೆಯದು. ನೀವೇ ಹೇಳಿ, ಕಲ್ಲು ಹುಡುಕುವುದೇ ನನ್ನ ಕಸುಬಾದರೆ ಏನು ಮಾಡಲಿ? ನಾನು ತೂಕ ಮತ್ತು ಅಳತೆ ಇಲಾಖೆಯ ಇನ್ಸ್‌ಪೆಕ್ಟರ್. ಅಂಗಡಿಯವರ ತೂಕದ ಕಲ್ಲು ಸರಿಯಿದೆಯೇ ಎಂದು ಇಪ್ಪತ್ತೆರಡು ವರ್ಷದಿಂದ ನೋಡುತ್ತ ಬಂದವನು, ಮನೆ ಹೊಸ್ತಿಲು ದಾಟಿದ ಕೂಡಲೇ ಕಣ್ಣು ಮುಚ್ಚಿಕೋ ಅಂದರೆ ಆಗುತ್ತದೆಯೇ? ನನ್ನ ಹೆಂಡತಿ ಟೈಲರ್. ಮುಂದಿನ ಕೋಣೆಯಲ್ಲೇ ಅವಳ ಅಂಗಡಿ. ಅವಳೂ ದಿನವಿಡೀ ಅಳೆಯುವವಳೇ, ಆದರೆ ಒಂದೇ ಸಲ ಅಳೆದು ಕತ್ತರಿ ಹಾಕಿಬಿಡುತ್ತಾಳೆ. (ಬಟ್ಟೆಗೂ, ನನ್ನ ಮಾತಿಗೂ.)

ಈ ಸಲದ ರಗಳೆ ಶುರುವಾದದ್ದು ಒಂಬತ್ತನೇ ಕ್ಲಾಸಿನ ಮಗಳಿಂದ. ಶಾಲೆಯ ನಾಟಕದಲ್ಲಿ ಎರಡು ವರ್ಷ ಪಾರ್ಟು ಕೇಳಿ ಕೇಳಿ, ಸುಮ್ಮನೆ ನಿಲ್ಲುವ ಮರದ ಪಾತ್ರವೂ ಸಿಗದೆ, ಈ ವರ್ಷ ಪರದೆ ಎತ್ತುವ ಜವಾಬ್ದಾರಿಯಾದರೂ ಸಿಕ್ಕಿತೆಂದು ಹುಡುಗಿಯ ಕಾಲು ನೆಲದ ಮೇಲಿರಲಿಲ್ಲ. ಶಾಲೆಯ ಪರದೆ ಹಳೆಯದು. ಅದರ ರಾಟೆಯ ಸ್ಕ್ರೂ ಸಡಿಲವಾಗಿ ಆಗಾಗ ಹಗ್ಗ ಸಿಕ್ಕಿಕೊಳ್ಳುತ್ತದೆ. ಹಾಗಾಗಿ ಹೆಡ್‌ಮೇಡಂ, ‘ಇಕ್ಕಳ, ಸ್ಕ್ರೂಡ್ರೈವರ್ ಎಲ್ಲ ಒಂದರಲ್ಲೇ ಮಡಚಿಕೊಳ್ಳೋ ಒಂದು ಮಲ್ಟಿಟೂಲ್ ತಂದು ಬ್ಯಾಗಲ್ಲಿ ಇಟ್ಕೋ, ಆದರೆ ಅದರಲ್ಲಿ ಬ್ಲೇಡು ಇರಕೂಡದು’ ಎಂದಿದ್ದರು. ಶಾಲೆಯೊಳಗೆ ಚಾಕು ಅನ್ನುವಂಥದ್ದು ಕಿರುಬೆರಳಷ್ಟು ಕಂಡರೂ ಪರದೆ ಬಿ ಸೆಕ್ಷನ್ನಿನವಳ ಪಾಲು.

“ಹತ್ತು ದಿನ ಇದೆ ಅಪ್ಪ. ಯಾವುದಾದ್ರೂ ಒಂದು ತಗೊಂಡು ಬಾ, ಸಾಕು,” ಅಂದಳು ಮಗಳು.

‘ಯಾವುದಾದ್ರೂ ಒಂದು’ ಎಂಬ ಮಾತು ಕಿವಿಗೆ ಬಿದ್ದರೆ ನನಗೆ ಮೈಮೇಲೆ ಇರುವೆ ಹರಿದಂತಾಗುತ್ತದೆ. ಅವತ್ತಿನಿಂದ ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ಮಗಳ ಮಾನ ಕಾಪಾಡುವ ಆ ನಿಃಶಸ್ತ್ರ ಮಹಾಸಾಧನಕ್ಕಾಗಿ ದಂಡಯಾತ್ರೆ ಹೊರಟೆ.

ಮೊದಲನೇ ಅಂಗಡಿಯವನು ಕೊಟ್ಟದ್ದರಲ್ಲಿ ಎರಡಂಗುಲದ ಬ್ಲೇಡೇ ಇತ್ತು. “ಇದು ಸೇಬು ಹೆಚ್ಚೋದಕ್ಕೆ ಸಾರ್, ಇದನ್ನ ಯಾರು ಚಾಕು ಅಂತಾರೆ?” ಅಂದ. ಎರಡನೆಯವನದರಲ್ಲಿ ಬ್ಲೇಡಿರಲಿಲ್ಲ, ಗರಗಸವಿತ್ತು. ಮೂರನೆಯದನ್ನು ಆನ್‌ಲೈನಿನಲ್ಲಿ ತರಿಸಿದೆ. ಡಬ್ಬಿಯ ಮೇಲೆ ನೂರಾ ಹದಿನೈದು ಗ್ರಾಂ ಎಂದಿತ್ತು, ಆಫೀಸಿನ ತಕ್ಕಡಿಯಲ್ಲಿ ನೂರಾ ಒಂಬತ್ತೇ ಬಂತು. ವಾಪಸು ಕಳಿಸಿದೆ.

“ಅಲ್ಲ ರೀ, ಅವಳು ಅದನ್ನ ತೂಕಕ್ಕೆ ಹಾಕಿ ಮಾರ್ತಾಳಾ?” ಹೆಂಡತಿ ಹೊಲಿಗೆ ಮಿಷನ್ನಿನಿಂದ ತಲೆಯೆತ್ತದೆಯೇ ಕೇಳಿದಳು.

“ಆರು ಗ್ರಾಂ ಸುಳ್ಳು ಹೇಳೋನು ಬ್ಲೇಡಿನ ವಿಷಯದಲ್ಲಿ ನಿಜ ಹೇಳ್ತಾನೆ ಅಂತ ಏನು ಗ್ಯಾರಂಟಿ?”

“ನಾಲ್ಕನೇದು ಚೆನ್ನಾಗೇ ಇತ್ತಲ್ಲ.”

“ಅದರಲ್ಲಿ ಪುಟ್ಟ ಕತ್ತರಿ ಇದೆ. ಕತ್ತರಿಗೆ ಅಲಗು ಇದೆಯೋ ಇಲ್ವೋ ಅನ್ನೋದು ಇನ್ನೂ ಇತ್ಯರ್ಥ ಆಗಿಲ್ಲ.”

“ಹದಿನೆಂಟು ವರ್ಷದಿಂದ ಕತ್ತರಿ ಹಿಡಿದಿರೋಳು ಹೇಳ್ತೀನಿ, ಒಂದಲ್ಲ, ಎರಡಿದೆ. ಈಗ ಇತ್ಯರ್ಥ ಆಯ್ತಾ? ಊರಿಗೆ ಉಪಕಾರಿ ಮನೆಗೆ ಮಾರಿ ಅಂತಾರೆ. ನೀವು ಊರಿಗೂ ಅಷ್ಟರಲ್ಲೇ ಇದ್ದೀರಿ.”

ಅಳೆದೂ ಸುರಿದೂ ಎಂಟನೇ ದಿನಕ್ಕೆ ಆರನೆಯದು ಗೆದ್ದಿತು. ಅಂಗೈಯಲ್ಲಿ ಮುಚ್ಚಿಹೋಗುವಷ್ಟು ಚಿಕ್ಕದು. ಒಂದು ಇಕ್ಕಳ, ಎರಡು ಸ್ಕ್ರೂಡ್ರೈವರ್, ಬೋಲ್ಟು ತಿರುಗಿಸುವ ಒಂದು ತೂತು, ಬೆನ್ನ ಮೇಲೆ ಸ್ಕೇಲಿನ ಗೆರೆ. (ಗೆರೆಗಳನ್ನೂ ಪರೀಕ್ಷಿಸಿದೆ. ಸರಿಯಾಗಿದ್ದವು.) ಬ್ಲೇಡಿನ ಸುಳಿವೇ ಇಲ್ಲ. ಹೆಡ್‌ಮೇಡಂ ಅದನ್ನು ತಿರುಗಿಸಿ ಮುರುಗಿಸಿ ನೋಡಿ, “ಇಷ್ಟು ನೋಡಿ ತರೋ ತಂದೆಯರು ಎಲ್ಲಿ ಸಿಗ್ತಾರೆ?” ಎಂದರಂತೆ. ಈ ಮಾತನ್ನು ಮಗಳ ಬಾಯಲ್ಲಿ ನಾನು ನಾಲ್ಕು ಸಲ ಹೇಳಿಸಿದೆ.

ಇಲ್ಲಿಗೆ ಸುಮ್ಮನಿದ್ದಿದ್ದರೆ ನನ್ನ ಕಥೆ ಸುಖಾಂತ್ಯ. ಆದರೆ ನನ್ನ ಕೈ ಸುಮ್ಮನಿರುವ ಜಾತಿಯದಲ್ಲ.

ನಾಟಕದ ದಿನ ಬೆಳಗ್ಗೆ ಎದ್ದವನಿಗೆ ತಲೆಯಲ್ಲಿ ಒಂದು ಹುಳ ಹೊಕ್ಕಿತು. ಎರಡು ದಿನ ರಿಹರ್ಸಲ್ಲಿನಲ್ಲಿ ದುಡಿದ ಉಪಕರಣ, ಅದರ ಮೂತಿ ಸವೆದಿರಬಹುದೇ? ನಮ್ಮ ಇಲಾಖೆಯಲ್ಲಿ ಒಮ್ಮೆ ಮುದ್ರೆ ಹಾಕಿದ ತಕ್ಕಡಿಯನ್ನೂ ಮತ್ತೆ ಕರೆದು ನೋಡುತ್ತೇವೆ. ಮಗಳು ಸ್ನಾನಕ್ಕೆ ಹೋದಾಗ ಬ್ಯಾಗಿನಿಂದ ಅದನ್ನು ತೆಗೆದು ಹಿತ್ತಿಲ ಬಾಗಿಲ ಚಿಲಕ ಬಿಚ್ಚಿ ಹಾಕಿದೆ, ಕಪಾಟಿನ ಹಿಡಿ ಬಿಚ್ಚಿ ಹಾಕಿದೆ, ಹೊಲಿಗೆ ಮಿಷನ್ನಿನ ಕಡೆ ಒಂದು ಹೆಜ್ಜೆಯಿಟ್ಟೆ.

“ಮಿಷನ್ನು ಮುಟ್ಟಿದ್ರೆ ನೋಡಿ,” ಎಂಬ ಅಶರೀರವಾಣಿ ಅಡುಗೆಮನೆಯಿಂದ ಬಂತು. ಗಾಬರಿಯಲ್ಲಿ ಅದನ್ನು ಪ್ಯಾಂಟಿನ ಜೇಬಿಗೆ ಸೇರಿಸಿ, ಏನೂ ಅರಿಯದವನ ಹಾಗೆ ಆಫೀಸಿಗೆ ಹೊರಟುಬಿಟ್ಟೆ.

ದಿನವಿಡೀ ಅಂಗಡಿಗಳ ತಪಾಸಣೆಯ ಓಡಾಟದಲ್ಲಿ ಅದು ಮರೆತೇಹೋಯಿತು. ಸಂಜೆ ನೇರವಾಗಿ ಶಾಲೆಗೆ ಹೋದೆ. ಹೆಂಡತಿ ಮೂರನೇ ಸಾಲಿನಲ್ಲಿ ಜಾಗ ಹಿಡಿದಿದ್ದಳು. ಕೂತ ಮೇಲೆ ತೊಡೆಗೆ ಏನೋ ಒತ್ತಿತು. ಕೈ ಹಾಕಿದರೆ ಅದೇ. ನಾಟಕಕ್ಕೆ ಇನ್ನೂ ಹತ್ತು ನಿಮಿಷವಿತ್ತು. ಎದ್ದು ಹೋಗಿ ಕೊಟ್ಟು ಬಂದರಾಯಿತು ಅಂದುಕೊಂಡೆ. ಅಷ್ಟರಲ್ಲಿ ನನ್ನ ಕುರ್ಚಿ ಸ್ವಲ್ಪ ಅಲುಗಾಡುತ್ತಿರುವುದು ಗಮನಕ್ಕೆ ಬಂತು. ಒಂದು ಸಾಲಿನ ಕುರ್ಚಿಗಳನ್ನೆಲ್ಲ ಕೆಳಗೆ ಒಂದೇ ಕಬ್ಬಿಣದ ಪಟ್ಟಿಗೆ ಬೋಲ್ಟು ಹಾಕಿ ಕೂರಿಸಿದ್ದರು. ಬಗ್ಗಿ ನೋಡಿದೆ. ಒಂದು ಬೋಲ್ಟು ಓರೆ. ಅದನ್ನು ನೇರ ಮಾಡಬೇಕೆಂದರೆ ಪಕ್ಕದ್ದನ್ನು ಬಿಚ್ಚಬೇಕು, ಅದನ್ನು ಬಿಚ್ಚಬೇಕೆಂದರೆ ಅದರ ಪಕ್ಕದ್ದು.

“ಏನ್ರೀ ಮಾಡ್ತಿದ್ದೀರಾ ಕೆಳಗೆ?”

“ಏನಿಲ್ಲ, ಶೂ ಲೇಸು.”

“ನೀವು ಹಾಕಿರೋದು ಚಪ್ಪಲಿ.”

ಗಂಟೆ ಹೊಡೆಯಿತು, ದೀಪ ಆರಿತು. ಪರದೆ ಒಂದು ಮೊಳ ಮೇಲೆದ್ದು ನಿಂತುಬಿಟ್ಟಿತು.

ಆ ಒಂದು ಮೊಳದ ಸಂದಿಯಲ್ಲಿ ಬರೀ ಕಾಲುಗಳು ಕಾಣುತ್ತಿದ್ದವು. ಮಹಾರಾಜರ ಕಾಲುಚೀಲ ಒಂದು ಕೆಂಪು, ಒಂದು ನೀಲಿ. ಜನ ನಗತೊಡಗಿದರು. ಅಷ್ಟರಲ್ಲಿ ನನಗೆ ಚೆನ್ನಾಗಿ ಗೊತ್ತಿರುವ ಎರಡು ಕಪ್ಪು ಶೂ ಆ ಕಾಲುಗಳ ಹಿಂದೆ ಓಡಿದವು, ನಿಂತವು, ವಾಪಸು ಓಡಿದವು. ಆಮೇಲೆ ನೆಲಕ್ಕೆ ಎರಡು ಮಂಡಿ ಊರಿದವು. ಒಂದು ಬ್ಯಾಗು ತಲೆಕೆಳಗಾಯಿತು. ಪೆನ್ನು, ಪುಸ್ತಕ, ನೀರಿನ ಬಾಟ್ಲಿ ಎಲ್ಲ ಬಿದ್ದವು. ಎರಡು ಪುಟ್ಟ ಕೈಗಳು ಅವುಗಳ ನಡುವೆ ಹುಡುಕುತ್ತಲೇ ಇದ್ದವು.

ಎರಡು ವರ್ಷ ಕಾದು ಪಡೆದ ಪರದೆ, ಅದರ ಬೀಗದಕೈ ನನ್ನ ಮುಷ್ಟಿಯಲ್ಲಿ. ನನ್ನಂಥ ಪಾಪಿ ಇನ್ನೊಬ್ಬನಿಲ್ಲ ಅನ್ನಿಸಿತು. “ಬಂದೆ ಪುಟ್ಟಾ” ಎನ್ನುತ್ತ ಧಡಕ್ಕನೆ ಎದ್ದೆ. ನಾನೆದ್ದ ರಭಸಕ್ಕೆ, ಬೋಲ್ಟು ಕಳೆದುಕೊಂಡ ಮೂರನೇ ಸಾಲು ಒಟ್ಟಾಗಿ ಹಿಂದಕ್ಕೆ ಮಲಗಿತು. ಅದರೊಂದಿಗೆ ಐದು ಜನ ಪೋಷಕರೂ ಮಲಗಿದರು.

ದೀಪ ಹತ್ತಿತು. ಹೆಡ್‌ಮೇಡಂ ನನ್ನೆದುರು ನಿಂತಿದ್ದರು.

“ಕೈಯಲ್ಲಿ ಏನದು?”

“ಮಲ್ಟಿಟೂಲ್ ಮೇಡಂ,” ಅಂದೆ. “ಬ್ಲೇಡಿಲ್ಲ,” ಎಂದು ಸೇರಿಸಿದೆ.

ಈ ಗದ್ದಲದಲ್ಲಿ ಹೆಂಡತಿ ಎಲ್ಲಿ ಹೋದಳೆಂದು ತಿರುಗಿ ನೋಡಿದರೆ, ಅವಳಾಗಲೇ ಸ್ಟೇಜಿನ ಪಕ್ಕದಲ್ಲಿದ್ದಳು. ಹೊಲಿಗೆ ಮಿಷನ್ನಿನ ಜೊತೆ ಒಂದು ಪುಟ್ಟ ಸ್ಕ್ರೂಡ್ರೈವರ್ ಕೊಡುತ್ತಾರೆ, ಬೆರಳುದ್ದದ್ದು. ಅದು ಸದಾ ಅವಳ ಪರ್ಸಿನಲ್ಲಿರುತ್ತದಂತೆ. (ಹದಿನೆಂಟು ವರ್ಷದಲ್ಲಿ ನನಗೆ ಗೊತ್ತಾದದ್ದು ಅವತ್ತೇ.) ಮಗಳು ಸ್ಟೂಲು ಹತ್ತಿ ಸ್ಕ್ರೂ ಬಿಗಿ ಮಾಡಿ, ಕೆಳಗಿಳಿದು ಹಗ್ಗ ಎಳೆದಳು. ಪರದೆ ಸರಸರನೆ ಮೇಲೇರಿತು. ಆ ಸಂಜೆ ಎಲ್ಲರಿಗಿಂತ ಹೆಚ್ಚು ಚಪ್ಪಾಳೆ ಬಿದ್ದದ್ದು ಪರದೆಗೆ. ನಾನು ನಾಟಕವನ್ನು ಹಿಂದಿನ ಗೋಡೆಗೊರಗಿ ನಿಂತು ನೋಡಿದೆ. ಕೂರಿ ಎಂದು ಯಾರೂ ಹೇಳಲಿಲ್ಲ.

ಸೋಮವಾರ ಮಗಳು ಖುಷಿಯಿಂದಲೇ ಮನೆಗೆ ಬಂದಳು. ಮುಂದಿನ ವರ್ಷವೂ ಪರದೆ ಅವಳದೇ ಎಂದಿದ್ದರಂತೆ. ಬ್ಯಾಗಿನಿಂದ ಶಾಲೆಯ ಮುದ್ರೆಯಿದ್ದ ಒಂದು ಕಾಗದ ತೆಗೆದು ಕೊಟ್ಟು, “ಅಪ್ಪ, ಓದಿ ಸಹಿ ಹಾಕಬೇಕಂತೆ,” ಅಂದಳು.

‘ಪರದೆ ನೋಡಿಕೊಳ್ಳುವ ವಿದ್ಯಾರ್ಥಿನಿ ಬ್ಲೇಡಿಲ್ಲದ ಉಪಕರಣವನ್ನು ಶಾಲೆಗೆ ತರಬಹುದು. ತಂದೆಯನ್ನು ತರುವಂತಿಲ್ಲ.’

ಅಭ್ಯಾಸಬಲದಿಂದ ಮೂರು ಸಲ ಪರೀಕ್ಷಿಸಿದೆ. ಎಲ್ಲೂ ತಪ್ಪು ಸಿಗಲಿಲ್ಲ. ಸಹಿ ಹಾಕಿದೆ.